ರೂಟ್ ಬಿಯರ್ ಡ್ರೈವ್-ಇನ್ ಹೋಟೆಲುಗಳು

ಕಾರಿನಿಂದ ಇಳಿಯದೆ, ಕುಳಿತಲ್ಲಿಗೇ ತಿಂಡಿ ಪಾನೀಯ ತರಿಸಿಕೊಳ್ಳುವ ಏರ್ಪಾಡಿದ್ದ ಅಮೆರಿಕದ ರಸ್ತೆಬದಿಯ ಹೋಟೆಲುಗಳು. 1920ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯ ಮತ್ತು ಟೆಕ್ಸಸ್ ರಾಜ್ಯಗಳಲ್ಲಿ ಹುಟ್ಟಿದ ಇವು ಎರಡನೆಯ ಮಹಾಯುದ್ಧದ ನಂತರದ ಎರಡು ದಶಕಗಳಲ್ಲಿ ದೇಶದ ಸಣ್ಣ ಊರುಗಳಿಗೆಲ್ಲ ಹಬ್ಬಿ, 1970ರ ದಶಕ ಮುಗಿಯುವುದರೊಳಗೆ ಬಹುಮಟ್ಟಿಗೆ ಕಣ್ಮರೆಯಾದವು. ಇವುಗಳಲ್ಲೊಂದು ದೊಡ್ಡ ಪಂಗಡ ಬೆಳೆದದ್ದು ಊಟದ ಬಲದಿಂದಲ್ಲ, ರೂಟ್ ಬಿಯರ್ ಎಂಬ ಮದ್ಯವಲ್ಲದ ಪಾನೀಯದ ಬಲದಿಂದ. ಈಗ ವಯಸ್ಸಾದ ಅಮೆರಿಕನ್ನರು ತಮ್ಮೂರಿನ ಬೇಸಿಗೆಯನ್ನು ನೆನೆದಾಗ ಮೊದಲು ಬಾಯಿಗೆ ಬರುವುದು ಆ ಪಾನೀಯದ ರುಚಿ. ಆ ಹಂಬಲವನ್ನು ಬರೀ ಭಾವುಕತೆ ಎಂದು ತಳ್ಳಿಹಾಕುವಂತಿಲ್ಲ. ಪಾನೀಯ ತಯಾರಾಗುತ್ತಿದ್ದುದು ಅಲ್ಲೇ, ಮುಗಿಯುತ್ತಿದ್ದುದೂ ಅಲ್ಲೇ. ಹೋಟೆಲು ಮುಚ್ಚಿದ ದಿನ ರುಚಿಯೂ ಆ ಊರಿನಿಂದ ಹೋಯಿತು.

ರೂಟ್ ಬಿಯರ್‌ನ ಮೂಲ ದ್ರವ್ಯ ಸಾಸಫ್ರಾಸ್ ಎಂಬ ಮರದ ಬೇರು ಮತ್ತು ಬೇರಿನ ತೊಗಟೆ. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ಬೆಳೆಯುವ ಈ ಮರವನ್ನು ಅಲ್ಲಿನ ಮೂಲನಿವಾಸಿಗಳು ಬಹಳ ಹಿಂದಿನಿಂದ ಔಷಧವಾಗಿ ಬಳಸುತ್ತಿದ್ದರು. ಯುರೋಪಿನಿಂದ ಬಂದು ನೆಲೆಸಿದವರು ಇದಕ್ಕೆ ಸಾರ್ಸಾಪರಿಲ್ಲಾ ಬೇರು, ಬರ್ಚ್ ತೊಗಟೆ, ವಿಂಟರ್‌ಗ್ರೀನ್ ಎಲೆ, ಜ್ಯೇಷ್ಠಮಧು, ಶುಂಠಿ, ಕಾಕಂಬಿ ಸೇರಿಸಿ ಕುದಿಸಿ, ಸ್ವಲ್ಪ ಹುದುಗು ಬರಿಸಿ ಮನೆಯಲ್ಲೇ ಪಾನೀಯ ಮಾಡಿಕೊಳ್ಳುತ್ತಿದ್ದರು. ನಮ್ಮವರು ಮೊದಲ ಸಲ ಇದನ್ನು ಕುಡಿದಾಗ ಮುಖ ಸಿಂಡರಿಸುವುದುಂಟು. ಅದಕ್ಕೆ ಕಾರಣ ವಿಂಟರ್‌ಗ್ರೀನ್: ಅದರ ಎಣ್ಣೆಯಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ನಾವು ನೋವಿಗೆ ಹಚ್ಚುವ ಮುಲಾಮುಗಳಲ್ಲಿ ಇರುವ ವಸ್ತುವೇ. ಸೊಗದೆ ಬೇರಿನ ಶರಬತ್ತು ಕುಡಿದು ಬೆಳೆದವರಿಗೆ ಮಾತ್ರ ರೂಟ್ ಬಿಯರ್ ಅಷ್ಟೇನೂ ಅಪರಿಚಿತ ಎನಿಸದು. ಸೊಗದೆ ಬಳ್ಳಿಯನ್ನು ಬ್ರಿಟಿಷರು ಭಾರತದ ಸಾರ್ಸಾಪರಿಲ್ಲಾ ಎಂದೇ ಕರೆದರು, ಸಸ್ಯಶಾಸ್ತ್ರದ ಪ್ರಕಾರ ಎರಡಕ್ಕೂ ನಂಟಿಲ್ಲದಿದ್ದರೂ.

ಮನೆಯ ಪಾನೀಯವನ್ನು ಮಾರುಕಟ್ಟೆಗೆ ತಂದವನು ಫಿಲಡೆಲ್ಫಿಯದ ಔಷಧ ವ್ಯಾಪಾರಿ ಚಾರ್ಲ್ಸ್ ಎಲ್ಮರ್ ಹೈರ್ಸ್. 1876ರಲ್ಲಿ ಆ ನಗರದಲ್ಲಿ ನಡೆದ ಅಮೆರಿಕದ ಶತಮಾನೋತ್ಸವ ವಸ್ತುಪ್ರದರ್ಶನದಲ್ಲಿ ಆತ ಇದನ್ನು ಜನರಿಗೆ ಪರಿಚಯಿಸಿದ. ಆತ ಮೊದಲು ಮಾರಿದ್ದು ಒಣಬೇರು ಸೊಪ್ಪಿನ ಪೊಟ್ಟಣ. 25 ಸೆಂಟಿನ ಒಂದು ಪೊಟ್ಟಣದಿಂದ ಮನೆಯಲ್ಲಿ ಐದು ಗ್ಯಾಲನ್ ಪಾನೀಯ ಮಾಡಿಕೊಳ್ಳಬಹುದಾಗಿತ್ತು. ಹೆಸರಿನಲ್ಲಿ ಬಿಯರ್ ಇದ್ದುದರಿಂದ ಪಾನವಿರೋಧಿ ಮಹಿಳಾ ಸಂಘಟನೆಯವರು 1895ರಲ್ಲಿ ಬಹಿಷ್ಕಾರ ಹೂಡಿದರು. ಮೂರು ವರ್ಷಗಳ ಮೇಲೆ ಪ್ರಯೋಗಾಲಯವೊಂದು ಪರೀಕ್ಷಿಸಿ, ಇದರಲ್ಲಿರುವ ಮದ್ಯಾಂಶ ಅರ್ಧ ಬ್ರೆಡ್ಡಿನಲ್ಲಿರುವಷ್ಟು ಮಾತ್ರ ಎಂದು ತಿಳಿಸಿದ ಮೇಲೆ ಆ ವಿರೋಧ ಅಡಗಿತು. ಮುಂದೆ ಪಾನನಿಷೇಧವೇ ರೂಟ್ ಬಿಯರ್‌ಗೆ ದಾರಿ ಮಾಡಿಕೊಟ್ಟಿತು.

ಮದ್ಯವನ್ನು ದೇಶದಾದ್ಯಂತ ನಿಷೇಧಿಸುವ ಸಂವಿಧಾನ ತಿದ್ದುಪಡಿಗೆ 1919ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದೇ ವರ್ಷ ಜೂನ್ 20ರಂದು, ಕ್ಯಾಲಿಫೋರ್ನಿಯದ ಲೋಡೈ ಎಂಬ ದ್ರಾಕ್ಷಿ ಬೆಳೆಯುವ ಊರಿನಲ್ಲಿ, ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಮೆರವಣಿಗೆಯ ದಿನ ರಾಯ್ ಆಲನ್ ಎಂಬಾತ ರಸ್ತೆಬದಿಯಲ್ಲಿ ರೂಟ್ ಬಿಯರ್ ಕಟ್ಟೆ ತೆರೆದ. ಒಂದು ಮಗ್‌ಗೆ ಐದು ಸೆಂಟ್. ಪಾಕದ ವಿಧಾನವನ್ನು ಆತ ಅರಿಝೋನಾದ ಔಷಧ ವ್ಯಾಪಾರಿಯೊಬ್ಬನಿಂದ ಕೊಂಡಿದ್ದ. 1922ರಲ್ಲಿ ಫ್ರಾಂಕ್ ರೈಟ್ ಪಾಲುದಾರನಾದಾಗ ಇಬ್ಬರ ಹೆಸರಿನ ಮೊದಲಕ್ಷರಗಳಿಂದ ಎ ಅಂಡ್ ಡಬ್ಲ್ಯು ಎಂಬ ಹೆಸರು ಬಂತು. ಎರಡು ವರ್ಷಗಳಲ್ಲಿ ರೈಟ್‌ನ ಪಾಲನ್ನು ಕೊಂಡುಕೊಂಡ ಆಲನ್, 1925ರಿಂದ ತನ್ನ ಹೆಸರು ಮತ್ತು ಸಾರವನ್ನು ಬಳಸುವ ಹಕ್ಕನ್ನು ಬೇರೆಯವರಿಗೆ ಮಾರತೊಡಗಿದ. ಹಾಗೆ ಹಕ್ಕು ಪಡೆದವರಲ್ಲಿ ಯೂಟಾದ ತರುಣ ಜೆ. ವಿಲರ್ಡ್ ಮ್ಯಾರಿಯಟ್ ಒಬ್ಬ. 1927ರ ಮೇ 20ರಂದು ಆತ ವಾಷಿಂಗ್ಟನ್ ನಗರದಲ್ಲಿ ತೆರೆದ ಒಂಬತ್ತು ಆಸನಗಳ ರೂಟ್ ಬಿಯರ್ ಅಂಗಡಿಯಿಂದಲೇ ಇಂದಿನ ಮ್ಯಾರಿಯಟ್ ಹೋಟೆಲು ಸಮೂಹ ಬೆಳೆದದ್ದು. ಚಳಿಗಾಲ ಬಂದು ತಣ್ಣನೆಯ ಪಾನೀಯಕ್ಕೆ ಗಿರಾಕಿ ಇಲ್ಲವಾದಾಗ ಖಾರದ ಬಿಸಿ ತಿನಿಸು ಮಾರಿ ಆತ ಅಂಗಡಿ ಉಳಿಸಿಕೊಂಡ.

ಕಾರಿನ ಬಳಿಗೇ ಬಡಿಸುವ ಪದ್ಧತಿ ಮೊದಲು ಎಲ್ಲಿ ಶುರುವಾಯಿತೆಂಬುದಕ್ಕೆ ಎರಡು ಹಕ್ಕುದಾರರಿದ್ದಾರೆ. 1921ರಲ್ಲಿ ಡಾಲಸ್–ಫೋರ್ಟ್ ವರ್ತ್ ಹೆದ್ದಾರಿಯಲ್ಲಿ ಜೆಸ್ಸಿ ಕರ್ಬಿ ಮತ್ತು ವೈದ್ಯ ರೂಬೆನ್ ಜಾಕ್ಸನ್ ತೆರೆದ ಪಿಗ್ ಸ್ಟ್ಯಾಂಡನ್ನು ಹೆಚ್ಚಿನ ಇತಿಹಾಸಕಾರರು ಮೊದಲನೆಯದೆಂದು ಒಪ್ಪುತ್ತಾರೆ. ಇನ್ನೊಂದು ಹಕ್ಕು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊದಲ್ಲಿದ್ದ ಆಲನ್ ಅಂಗಡಿಯದು; ಅಲ್ಲೂ ಹುಡುಗರು ಟ್ರೇ ಹಿಡಿದು ಕಾರುಗಳತ್ತ ಓಡುತ್ತಿದ್ದರು. ಟೆಕ್ಸಸ್‌ನ ಹುಡುಗರು ಕಾರು ನಿಲ್ಲುವ ಮೊದಲೇ ಅದರ ಪಕ್ಕದ ಮೆಟ್ಟಿಲಿಗೆ ನೆಗೆದು ಆರ್ಡರ್ ಕೇಳುತ್ತಿದ್ದರು. ಅದರಿಂದಲೇ ಅವರಿಗೆ ಕಾರ್‌ಹಾಪ್ ಎಂಬ ಹೆಸರು ಬಂತೆನ್ನುತ್ತಾರೆ. 1930ರ ದಶಕದಿಂದ ಈ ಕೆಲಸಕ್ಕೆ ಹೆಣ್ಣುಮಕ್ಕಳು ಬಂದರು. ಬೆಡಗಿನ ಸಮವಸ್ತ್ರದ ಕಾರ್‌ಹಾಪ್ ಒಬ್ಬಳ ಚಿತ್ರ 1940ರಲ್ಲಿ ಲೈಫ್ ಪತ್ರಿಕೆಯ ಮುಖಪುಟಕ್ಕೂ ಏರಿತು. ಸಂಬಳಕ್ಕಿಂತ ಟಿಪ್ಸ್ ನೆಚ್ಚಿಕೊಂಡು, ಬಿಸಿಲಲ್ಲಿ ಕಾದ ಡಾಂಬರಿನ ಮೇಲೆ ಹೊತ್ತು ಮುಳುಗಿದ ಮೇಲೂ ಓಡಾಡಬೇಕಾಗಿದ್ದ ದುಡಿಮೆ ಅದು. ಹಳೆಯ ಚಿತ್ರಗಳಲ್ಲಿ ನಗುವ ಮುಖ ಕಾಣುತ್ತದೆಯೇ ಹೊರತು ಆ ದಣಿವು ಕಾಣುವುದಿಲ್ಲ.

ಈ ಅಂಗಡಿಗಳ ರೂಟ್ ಬಿಯರ್ ಏಕೆ ಬೇರೆ ಎನಿಸುತ್ತಿತ್ತು ಎಂಬುದನ್ನು ಬಿಡಿಸಿ ನೋಡಬೇಕು. ಕಂಪನಿಯಿಂದ ಬರುತ್ತಿದ್ದುದು ಗಟ್ಟಿಸಾರ ಮಾತ್ರ. ಸಕ್ಕರೆ ಮತ್ತು ನೀರನ್ನು ಅಂಗಡಿಯವರೇ ಬೆರೆಸಿ ಪಾಕ ಮಾಡಿ, ತಣಿಸಿ, ಅನಿಲ ತುಂಬಿ, ಪೀಪಾಯಿಯ ನಲ್ಲಿಯಿಂದ ಬಿಡುತ್ತಿದ್ದರು. ಸಾರ ಒಂದೇ ಆದರೂ ಊರಿನ ನೀರು, ಸಕ್ಕರೆಯ ಹದ, ಮಾಲೀಕನ ಕೈಗುಣದಿಂದ ಪ್ರತಿ ಅಂಗಡಿಯ ರುಚಿಯಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತಿತ್ತು, ಪಕ್ಕದೂರಿನದಕ್ಕಿಂತ ನಮ್ಮೂರಿನದೇ ಮೇಲು ಎಂದು ಜಗಳವಾಡುವಷ್ಟು. ಹಿಡಿಯಿದ್ದ ದಪ್ಪ ಗಾಜಿನ ಮಗ್‌ಗಳನ್ನು ತೊಳೆದು ಒದ್ದೆಯಾಗಿಯೇ ಫ್ರೀಜರಿನಲ್ಲಿಡುತ್ತಿದ್ದರು. ಹೊರತೆಗೆದಾಗ ಗಾಜಿನ ಮೇಲೆ ಬಿಳಿ ಹಿಮದ ಪೊರೆ ಕಟ್ಟಿರುತ್ತಿತ್ತು. ಪಾನೀಯ ಅದಕ್ಕೆ ತಗುಲಿದೊಡನೆ ಅಂಚಿನಲ್ಲಿ ಸಣ್ಣ ಮಂಜಿನ ಚಕ್ಕೆಗಳು ಮೂಡುತ್ತಿದ್ದವು. ತಣ್ಣಗಿದ್ದಷ್ಟೂ ದ್ರವದಲ್ಲಿ ಅನಿಲ ಹೆಚ್ಚು ಹೊತ್ತು ನಿಲ್ಲುತ್ತದೆ, ಸಿಹಿಯ ಹೊಡೆತ ಕಡಿಮೆಯಾಗುತ್ತದೆ, ಬೇರಿನ ಒಗರು ಮುಂದೆ ಬರುತ್ತದೆ. ಮೇಲೆ ನಿಲ್ಲುವ ಕೆನೆಯಂಥ ನೊರೆ ಈ ಪಾನೀಯದ ಲಕ್ಷಣ. ನೊರೆ ಬರಿಸುವ ಗುಣ ಸಸ್ಯಗಳ ಸಪೋನಿನ್ ಎಂಬ ವಸ್ತುವಿನದು. ಇದರಲ್ಲಿ ಒಂದು ಉಂಡೆ ವೆನಿಲಾ ಐಸ್‌ಕ್ರೀಮ್ ತೇಲಿಬಿಟ್ಟರೆ ಅದು ರೂಟ್ ಬಿಯರ್ ಫ್ಲೋಟ್. ಪುಟ್ಟ ಮಕ್ಕಳಿಗೆಂದೇ ಅಂಗೈಯಲ್ಲಿ ಹಿಡಿಸುವ ಮರಿಮಗ್ ಇರುತ್ತಿತ್ತು. ಮನೆಗೆ ಬೇಕಾದವರು ಗ್ಯಾಲನ್ ಜಾಡಿಯಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು, ಆದರೆ ಮಾರನೆಯ ದಿನಕ್ಕೆ ಅದು ಸಪ್ಪೆ. ಕಾರಿನ ಕಿಟಕಿಗೆ ಸಿಕ್ಕಿಸಿದ ಟ್ರೇಯ ಮುಂದೆ ಕುಳಿತು ಆಗಲೇ ಕುಡಿದವರಿಗಷ್ಟೇ ಅದು ಪೂರ್ತಿ ದಕ್ಕುತ್ತಿತ್ತು.

ಯುದ್ಧಕಾಲದಲ್ಲಿ ಸಕ್ಕರೆಗೂ ಪೆಟ್ರೋಲಿಗೂ ಪಡಿತರ ಬಂದು ಈ ವ್ಯಾಪಾರ ಸೊರಗಿತು. ಯುದ್ಧ ಮುಗಿದು, ಕೈಯಲ್ಲಿ ಹಣ, ಮನೆಯಲ್ಲಿ ಮಕ್ಕಳು, ಅಂಗಳದಲ್ಲಿ ಕಾರು ಬಂದ ಮೇಲೆ ಮತ್ತೆ ಚಿಗುರಿತು. 1960ರ ಹೊತ್ತಿಗೆ ಎ ಅಂಡ್ ಡಬ್ಲ್ಯು ಅಂಗಡಿಗಳೇ 2000 ದಾಟಿದವು. ಓಹಿಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1926ರಲ್ಲಿ ಹುಟ್ಟಿದ ಫ್ರಾಸ್ಟಾಪ್ ತನ್ನ ಚಾವಣಿಯ ಮೇಲೆ ತಿರುಗುವ ಭಾರೀ ಮಗ್‌ನಿಂದ ದೂರಕ್ಕೇ ಗುರುತು ಸಿಗುತ್ತಿತ್ತು. ಅದೇ ರಾಜ್ಯದ ಮ್ಯಾನ್ಸ್‌ಫೀಲ್ಡ್‌ನ ಶಾಲಾ ಮೇಷ್ಟ್ರು ಫ್ರಾಂಕ್ ಸ್ಟೂವರ್ಟ್ 1924ರಲ್ಲಿ ತನ್ನ ಅಂಗಡಿ ತೆರೆದು, ಬಾಯಾರಿಕೆ ಹೆಚ್ಚಲೆಂದು ಉಪ್ಪು ಹಚ್ಚಿದ ಪಾಪ್‌ಕಾರ್ನನ್ನೂ ಮಾರಿದ. ಇಲಿನಾಯ್‌ನ ಶಾಂಪೇನ್ ಊರಿನಲ್ಲಿ 1953ರಲ್ಲಿ ಡಾಗ್ ಎನ್ ಸಡ್ಸ್ ಶುರುಮಾಡಿದವರೂ ಸಂಗೀತ ಕಲಿಸುತ್ತಿದ್ದ ಇಬ್ಬರು ಶಿಕ್ಷಕರು. ಉತ್ತರದ ರಾಜ್ಯಗಳಲ್ಲಿ ಈ ಅಂಗಡಿಗಳು ವಸಂತದಲ್ಲಿ ತೆರೆದು ಶರತ್ಕಾಲದಲ್ಲಿ ಮುಚ್ಚುತ್ತಿದ್ದವು. ಬೇಸಿಗೆ ರಜೆಯಿರುವ ಮೇಷ್ಟ್ರುಗಳಿಗೆ ಒಗ್ಗುವ ಕಸುಬಾಗಿತ್ತು. ಒಕ್ಲಹೋಮಾದ ಶಾನಿಯಲ್ಲಿ ಟ್ರಾಯ್ ಸ್ಮಿತ್ ಎಂಬಾತ ದೊಡ್ಡ ಮಾಂಸದೂಟದ ಹೋಟೆಲಿಗೆಂದು ಕೊಂಡ ಜಾಗದಲ್ಲಿ ಒಂದು ರೂಟ್ ಬಿಯರ್ ಕಟ್ಟೆಯೂ ಇತ್ತು. ಹೋಟೆಲಿಗಿಂತ ಕಟ್ಟೆಯೇ ಲಾಭ ತಂದಿತು. 1953ರ ಆ ಟಾಪ್ ಹ್ಯಾಟ್ ಡ್ರೈವ್-ಇನ್ನೇ 1959ರಲ್ಲಿ ಸಾನಿಕ್ ಎಂದು ಹೆಸರು ಬದಲಿಸಿಕೊಂಡಿತು.

ಸಣ್ಣ ಊರಿನಲ್ಲಿ ಇಂಥದೊಂದು ಅಂಗಡಿ ಬರೀ ಹೋಟೆಲಾಗಿರಲಿಲ್ಲ. ಬೇಸ್‌ಬಾಲ್ ಪಂದ್ಯ ಮುಗಿಸಿದ ಹುಡುಗರು, ಗದ್ದೆಯಿಂದ ಮರಳುವ ರೈತರು, ಚರ್ಚಿನ ಬಟ್ಟೆಯಲ್ಲೇ ಬಂದ ಕುಟುಂಬಗಳು, ಮೊದಲ ಸಲ ಅಪ್ಪನ ಕಾರು ಸಿಕ್ಕ ತರುಣ ತರುಣಿಯರು, ಎಲ್ಲರೂ ಸೇರುತ್ತಿದ್ದುದು ಅಲ್ಲಿ.

ಎಲ್ಲರೂ ಎಂದರೆ ಎಲ್ಲರೂ ಅಲ್ಲ. ದಕ್ಷಿಣದ ರಾಜ್ಯಗಳ ಎಷ್ಟೋ ಅಂಗಡಿಗಳಲ್ಲಿ ಕರಿಯರ ಕಾರಿಗೆ ಟ್ರೇ ಬರುತ್ತಿರಲಿಲ್ಲ. ದಕ್ಷಿಣ ಕ್ಯಾರೊಲಿನಾದ ಪಿಗ್ಗಿ ಪಾರ್ಕ್ ಎಂಬ ಡ್ರೈವ್-ಇನ್ ಸಮೂಹ 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೂ ಕರಿಯರಿಗೆ ಬಡಿಸಲು ಒಪ್ಪಲಿಲ್ಲ. ಗಿರಾಕಿಗಳಲ್ಲಿ ಬಹುಪಾಲು ಜನ ಹೋಟೆಲಿನ ಆವರಣದಲ್ಲಿ ತಿನ್ನುವುದಿಲ್ಲವಾದ್ದರಿಂದ ಡ್ರೈವ್-ಇನ್‌ಗಳಿಗೆ ಕಾಯ್ದೆ ಅನ್ವಯಿಸದು ಎಂಬ ವಾದವನ್ನು ಕೆಳಗಿನ ನ್ಯಾಯಾಲಯ ಒಪ್ಪಿಯೂಬಿಟ್ಟಿತ್ತು. ಮೇಲ್ಮನವಿ ನ್ಯಾಯಾಲಯ 1967ರಲ್ಲಿ ಅದನ್ನು ತಳ್ಳಿಹಾಕಿತು. ಮರುವರ್ಷ ಸುಪ್ರೀಂ ಕೋರ್ಟು ಮೊಕದ್ದಮೆ ಹೂಡಿದವರಿಗೆ ವಕೀಲರ ಶುಲ್ಕ ಸಿಗಬೇಕೆಂದು ತೀರ್ಪಿತ್ತಿತು. ಡ್ರೈವ್-ಇನ್‌ಗಳ ಸವಿನೆನಪನ್ನು ದಾಖಲಿಸುವ ಬರಹಗಳು ಈ ಅಧ್ಯಾಯವನ್ನು ಬಿಟ್ಟುಬಿಡುವುದು ಸರಿಯಲ್ಲ. ಆ ಬೇಸಿಗೆಗಳಲ್ಲೇ ಅದೇ ಅಂಗಡಿಗಳನ್ನು ದೂರದಿಂದ ನೋಡಿ ಮುಂದೆ ಸಾಗಿದ ಮಕ್ಕಳೂ ಇದ್ದರು.

ಇಳಿಗಾಲದ ಬೀಜ ಮೇಲ್ಗಾಲದಲ್ಲೇ ಬಿದ್ದಿತ್ತು. ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊದಲ್ಲಿ ಕಾರ್‌ಹಾಪ್‌ಗಳಿದ್ದ ಡ್ರೈವ್-ಇನ್ ನಡೆಸುತ್ತಿದ್ದ ಮೆಕ್‌ಡೊನಾಲ್ಡ್ ಸೋದರರು 1948ರಲ್ಲಿ ಅವರನ್ನೆಲ್ಲ ಬಿಡಿಸಿ, ಗಾಜಿನ ಮಗ್ ಬದಲು ಕಾಗದದ ಲೋಟ ತಂದು, ಗಿರಾಕಿಯೇ ಕಿಟಕಿಗೆ ಬರುವಂತೆ ಮಾಡಿ 15 ಸೆಂಟಿಗೆ ಹ್ಯಾಂಬರ್ಗರ್ ಮಾರಿದರು. 1956ರ ಕಾಯ್ದೆಯಂತೆ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಹಾಕತೊಡಗಿದಾಗ ಹೊಸ ರಸ್ತೆ ಸಣ್ಣ ಊರುಗಳನ್ನು ಬಳಸಿಕೊಂಡು ಹೋಯಿತು. ರಸ್ತೆಯಿಂದ ಹುಟ್ಟಿದ ಅಂಗಡಿಗೆ ರಸ್ತೆಯೇ ಬೆನ್ನು ತಿರುಗಿಸಿತು. 1960ರಲ್ಲಿ ಪಾನೀಯದ ಸಾರಕ್ಕೂ ಪೆಟ್ಟು ಬಿತ್ತು: ಸಾಸಫ್ರಾಸ್ ಎಣ್ಣೆಯಲ್ಲಿರುವ ಸ್ಯಾಫ್ರೋಲ್ ಇಲಿಗಳ ಯಕೃತ್ತಿನಲ್ಲಿ ಕ್ಯಾನ್ಸರ್ ತರುವುದು ಕಂಡುಬಂದು ಸರ್ಕಾರ ಅದನ್ನು ಆಹಾರದಲ್ಲಿ ನಿಷೇಧಿಸಿತು. ಅಂದಿನಿಂದ ಸ್ಯಾಫ್ರೋಲ್ ತೆಗೆದ ಸಾರ ಅಥವಾ ಕೃತಕ ಸುವಾಸನೆಯೇ ಗತಿ. 1971ರಲ್ಲಿ ಎ ಅಂಡ್ ಡಬ್ಲ್ಯು ಪಾನೀಯ ಡಬ್ಬಿ ಬಾಟಲಿಗಳಲ್ಲಿ ದಿನಸಿ ಅಂಗಡಿಗೆ ಬಂತು; 1980ರ ದಶಕದಲ್ಲಿ ಅಮೆರಿಕದ ತಂಪು ಪಾನೀಯಗಳಲ್ಲಿ ಸಕ್ಕರೆಯ ಜಾಗವನ್ನು ಮೆಕ್ಕೆಜೋಳದ ಸಿಹಿಪಾಕ ಹಿಡಿಯಿತು. ಹೆಸರು ಎಲ್ಲೆಡೆ ಸಿಗತೊಡಗಿತು, ಪೀಪಾಯಿಯ ರುಚಿ ಮಾತ್ರ ಡಬ್ಬಿಗೆ ಇಳಿಯಲಿಲ್ಲ.

ನೆನಪು ಉದ್ಯಮವಾದದ್ದೂ 1970ರ ದಶಕದಲ್ಲೇ. ಜಾರ್ಜ್ ಲೂಕಸ್ ನಿರ್ದೇಶನದ ಅಮೆರಿಕನ್ ಗ್ರಫಿಟಿ ಚಿತ್ರ 1973ರ ಆಗಸ್ಟಿನಲ್ಲಿ ತೆರೆಕಂಡಿತು. ಎರಡೇ ತಿಂಗಳಲ್ಲಿ ತೈಲ ಬಿಕ್ಕಟ್ಟು ಬಂದು ಸುಮ್ಮನೆ ಕಾರಿನಲ್ಲಿ ಸುತ್ತುವ ಚಟವೇ ದುಬಾರಿಯಾಯಿತು. ಚಿತ್ರದ ಕಥೆ 1962ರದು, ಅದರ ಕೇಂದ್ರ ಮೆಲ್ಸ್ ಡ್ರೈವ್-ಇನ್. ಕರಿಯರನ್ನು ಗಿರಾಕಿಗಳ ಎದುರಿಗಿರುವ ಕೆಲಸಗಳಿಗೆ ತೆಗೆದುಕೊಳ್ಳಬೇಕೆಂದು 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಧರಣಿ ನಡೆದದ್ದು ಇದೇ ಮೆಲ್ಸ್ ಹೋಟೆಲುಗಳ ಮುಂದೆ. ಚಿತ್ರೀಕರಣ ನಡೆದ ಕಟ್ಟಡವನ್ನು 1976ರಲ್ಲಿ ಕೆಡವಲಾಯಿತು.

ಡ್ರೈವ್-ಇನ್ ಪದ್ಧತಿ ಅಮೆರಿಕದ ಹೊರಗೂ ಹೋಗಿದೆ. ಅಮೆರಿಕದ ಆಡಳಿತದಲ್ಲಿದ್ದ ಒಕಿನಾವಾದಲ್ಲೂ ಮಲೇಷ್ಯಾದಲ್ಲೂ ಎ ಅಂಡ್ ಡಬ್ಲ್ಯು 1963ರಲ್ಲಿ ಕಾಲಿಟ್ಟಿತು. ಒಕಿನಾವಾದವರು ರೂಟ್ ಬಿಯರನ್ನು ಈಗ ತಮ್ಮದೇ ಎಂಬಷ್ಟು ಹಚ್ಚಿಕೊಂಡಿದ್ದಾರೆ. ಭಾರತದಲ್ಲಿ ಪಾನೀಯ ಬೇರೂರಲಿಲ್ಲ, ಕಾರಿನ ಟ್ರೇ ಬಂತು. ಅದನ್ನು ತಂದವರು ಉಡುಪಿ ಕಡೆಯ ಕಡಂದಲೆಯ ಕೆ. ಕೃಷ್ಣರಾಯರು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿ ಹೆಸರಾದ ಅವರು 1962ರಲ್ಲಿ ಕೆಥೆಡ್ರಲ್ ರಸ್ತೆಯ ತೋಟಗಾರಿಕಾ ಸಂಘದ ಜಾಗದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಮರಗಳ ನೆರಳಲ್ಲಿ ನಿಂತ ಅಂಬಾಸಿಡರ್, ಫಿಯೆಟ್ ಕಾರುಗಳ ಕಿಟಕಿಗೆ ಟ್ರೇ ಸಿಕ್ಕಿಸಿ ಮಸಾಲೆ ದೋಸೆ, ಫಿಲ್ಟರ್ ಕಾಫಿ ಕೊಡುತ್ತಿದ್ದರು. ಕಾರಿಲ್ಲದ ವಿದ್ಯಾರ್ಥಿಗಳೂ ಔಷಧ ಕಂಪನಿಗಳ ಪ್ರತಿನಿಧಿಗಳೂ ಒಳಗಿನ ಮೇಜುಗಳಲ್ಲಿ ಒಂದು ಕಾಫಿಗೆ ಗಂಟೆಗಟ್ಟಲೆ ಕೂರುತ್ತಿದ್ದರು. ಸರ್ಕಾರ ಜಾಗ ಹಿಂಪಡೆದು 2008ರಲ್ಲಿ ಅದು ಮುಚ್ಚಿದಾಗ ಮದರಾಸಿನವರು ಪಟ್ಟ ಸಂಕಟ ಓಹಿಯೊ, ಇಲಿನಾಯ್‌ಗಳ ಸಣ್ಣ ಊರಿನವರದಕ್ಕಿಂತ ಬೇರೆಯಲ್ಲ. ಅಲ್ಲಿ ಈಗ ಸೆಮ್ಮೊಳಿ ಉದ್ಯಾನವಿದೆ. ಬೆಂಗಳೂರಿನವರಿಗೆ ಇಂಥದೇ ನೆನಪು ಲ್ಯಾವೆಲ್ ರಸ್ತೆ ಪಕ್ಕದ ಏರ್‌ಲೈನ್ಸ್ ಹೋಟೆಲಿನ ಮರದಡಿಯದು.

ಅಮೆರಿಕದಲ್ಲಿ ಉಳಿದಿರುವ ಹಳೆಯ ಅಂಗಡಿಗಳು ಹೆಚ್ಚಾಗಿ ಒಂದೇ ಕುಟುಂಬದ ಕೈಯಲ್ಲಿವೆ. ವಿಸ್ಕಾನ್ಸಿನ್‌ನ ಆಷ್‌ಕಾಷ್‌ನಲ್ಲಿ 1948ರಲ್ಲಿ ಎ ಅಂಡ್ ಡಬ್ಲ್ಯು ಆಗಿ ಶುರುವಾದ ಆರ್ಡಿ ಅಂಡ್ ಎಡ್ಸ್‌ನಲ್ಲಿ ಗಾಲಿಚಕ್ರದ ಬೂಟು ತೊಟ್ಟ ಕಾರ್‌ಹಾಪ್‌ಗಳು ಬಡಿಸುತ್ತಾರೆ. ಎ ಅಂಡ್ ಡಬ್ಲ್ಯು ಕಂಪನಿಯನ್ನು 2011ರಲ್ಲಿ ಅದರ ಅಂಗಡಿಗಳ ಮಾಲೀಕರೇ ಸೇರಿ ಕೊಂಡುಕೊಂಡರು. ಅಂಗಡಿಯಲ್ಲೇ ಕಬ್ಬಿನ ಸಕ್ಕರೆಯಿಂದ ತಯಾರಿಸಿದ ಪಾನೀಯ, ಫ್ರೀಜರಿನಿಂದ ತೆಗೆದ ಗಾಜಿನ ಮಗ್ ಎಂಬುದನ್ನೇ ಅವರು ಮತ್ತೆ ಮುಂದೆ ಮಾಡಿದ್ದಾರೆ.