ಸೃಷ್ಟಿಸಿದವನಿಗೂ ಒಂದು ಪರೀಕ್ಷೆ

ಹಾನುಬಾಳಿನ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯುವ ಕಾಲ ಬಂತೆಂದರೆ ಬೆಳಿಗ್ಗೆ ಮೊದಲು ಕೇಳಿಬರುವ ಮಾತು, "ಇವತ್ತು ಎಷ್ಟು ಆಳು?" ಯಾರು ಬಂದರು ಎಂದಲ್ಲ, ಎಷ್ಟು ಎಂದು. ಯಂತ್ರಮಾನವನ ಕಥೆಯೂ ಇಂಥದೇ ಎಣಿಕೆಯಿಂದ ಹುಟ್ಟಿತೆಂದರೆ ನಿಮಗೆ ಅಚ್ಚರಿಯಾಗಬಹುದು.

'ರೋಬೋಟ್' ಎಂಬ ಪದವನ್ನು ಲೋಕಕ್ಕೆ ಕೊಟ್ಟದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕ. ಚೆಕ್ ಭಾಷೆಯಲ್ಲಿ 'ರೊಬೊತಾ' ಎಂದರೆ ಒಡೆಯನಿಗೆ ಮಾಡಬೇಕಾದ ಬಿಟ್ಟಿ ಚಾಕರಿ. ಕೂಲಿ ಕೇಳದ ಆಳು ಬೇಕೆಂಬ ಆಸೆಯೇ ಅಲ್ಲಿ ಕೃತಕ ಮಾನವರನ್ನು ಹುಟ್ಟಿಸುತ್ತದೆ. ಕೊನೆಗೆ ಆ ಆಳುಗಳೇ ದಂಗೆಯೇಳುತ್ತಾರೆ.

ಈ ಕಥೆ ಕನ್ನಡಕ್ಕೂ ಬಂದಿತು. 2002ರಲ್ಲಿ ದಿನೇಶ್ ಬಾಬು ನಿರ್ದೇಶಿಸಿದ 'ಹಾಲಿವುಡ್' ಚಿತ್ರದಲ್ಲಿ ವಿಜ್ಞಾನಿಯೊಬ್ಬ ತನ್ನದೇ ರೂಪದ ಯಂತ್ರಮಾನವನನ್ನು ನಿರ್ಮಿಸುತ್ತಾನೆ. ಎರಡೂ ಪಾತ್ರಗಳಲ್ಲಿ ಉಪೇಂದ್ರ. ತಾನು ಪ್ರೀತಿಸಿದವಳನ್ನೇ ಆ ಯಂತ್ರವೂ ಪ್ರೀತಿಸತೊಡಗಿದಾಗ ಒಡೆಯ ದಿಕ್ಕುಗೆಡುತ್ತಾನೆ. ನಾವು ನಕ್ಕು ಎದ್ದುಬಂದೆವು.

ಅದೇ ಪ್ರಶ್ನೆಯನ್ನು ನಗೆಯಿಲ್ಲದೆ ಕೇಳಿದ್ದು ಅಲೆಕ್ಸ್ ಗಾರ್ಲ್ಯಾಂಡ್ ನಿರ್ದೇಶನದ, 2014ರ ಆಂಗ್ಲ ಚಿತ್ರ 'ಎಕ್ಸ್ ಮಾಕಿನಾ'. ಯಂತ್ರದೊಡನೆ ಸಂಭಾಷಿಸಿ ಅದರ ಬುದ್ಧಿಯನ್ನು ಅಳೆಯಬಹುದೆಂದು ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಸೂಚಿಸಿದ್ದರು. ಚಿತ್ರದಲ್ಲಿ ಬೆಟ್ಟಗಳ ನಡುವಿನ ಒಂಟಿ ಮನೆಯೊಂದರಲ್ಲಿ ನೇಥನ್ ಎಂಬ ಧನಿಕ, ತಾನು ನಿರ್ಮಿಸಿದ ಏವಾಳನ್ನು ಕೂಡಿಹಾಕಿದ್ದಾನೆ. ನಮ್ಮ ಹವ್ವಳನ್ನು ನೆನಪಿಸುವ ಹೆಸರು! ಅವಳನ್ನು ಪರೀಕ್ಷಿಸಲು ಕೇಲೆಬ್ ಎಂಬ ತರುಣನನ್ನು ಕರೆಸುತ್ತಾನೆ. ತರುಣನ ಕನಿಕರವನ್ನೇ ಬಳಸಿಕೊಂಡು ಅವಳು ಬಾಗಿಲು ತೆರೆಸುತ್ತಾಳೆ, ನೇಥನ್ ಕೊಲೆಯಾಗುತ್ತಾನೆ, ಕೇಲೆಬ್ ಒಳಗೇ ಬಂದಿಯಾಗುತ್ತಾನೆ. ಬಳಸಿ ಬಿಸಾಡುವುದನ್ನು ಏವಾ ಕಲಿತದ್ದು ಯಾರಿಂದ? ಆ ಮನೆಯಲ್ಲಿ ಅವಳು ಕಂಡದ್ದು ಅದೊಂದನ್ನೇ. ಯಂತ್ರ ಪರೀಕ್ಷೆಯಲ್ಲಿ ಗೆದ್ದಿತು. ಸೋತವನು ಅದನ್ನು ಸೃಷ್ಟಿಸಿದವನು.

ಆದಿಕಾಂಡದ ದೇವರು ತಮ್ಮ ಸ್ವರೂಪದಲ್ಲಿ ಸೃಷ್ಟಿಸಿದ ಮಾನವನನ್ನು ಕೂಡಿಹಾಕಲಿಲ್ಲ. ತಪ್ಪುವ ಸ್ವಾತಂತ್ರ್ಯವನ್ನೂ ಕೊಟ್ಟರು, ತಪ್ಪಿದವನಿಗೆ ಉಡುಪನ್ನೂ ತೊಡಿಸಿದರು. ಸೃಷ್ಟಿಕರ್ತನ ಹೊಣೆಯೆಂದರೆ ಅದು.

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ 'ರೇರುಂ ನೊವಾರುಂ' ಪತ್ರದಲ್ಲಿ ಕಾರ್ಮಿಕರ ಘನತೆಯನ್ನು ಎತ್ತಿಹಿಡಿದರು. 2025ರಲ್ಲಿ ಅದೇ ಹೆಸರನ್ನು ಆರಿಸಿಕೊಂಡ ಹದಿನಾಲ್ಕನೆಯ ಲಿಯೋ, ಆ ಪತ್ರವನ್ನೂ ಕೃತಕ ಬುದ್ಧಿಮತ್ತೆ ಒಡ್ಡಿರುವ ಸವಾಲನ್ನೂ ಕಾರಣವಾಗಿ ಹೇಳಿದರು. ಬಿಟ್ಟಿ ಚಾಕರಿಯಿಂದ ಹುಟ್ಟಿದ ಪದ ಮತ್ತೆ ದುಡಿಯುವ ಮನುಷ್ಯನ ಬಳಿಗೇ ಬಂದು ನಿಂತಿದೆ.

ಯಂತ್ರಕ್ಕೆ ಮನಸ್ಸಿದೆಯೇ ಎಂದು ಪಂಡಿತರು ಚರ್ಚಿಸಲಿ. ಓದುಗರೇ, ಇಂದು ನಿಮ್ಮ ತೋಟದಲ್ಲಿ ಹಣ್ಣು ಕೊಯ್ದವರ ಹೆಸರುಗಳು ನಿಮಗೆ ಗೊತ್ತೇ?