ಬಸುರಿಯ ಬಿಳಿಚಿದ ಮುಖ ಮತ್ತು ಮುಂಬಯಿಯಲ್ಲಿ ಸಿಕ್ಕ ಸುಳಿವು

ಗರ್ಭಿಣಿಯೊಬ್ಬಳು ತಪಾಸಣೆಗೆ ಬಂದಾಗ ಆರೋಗ್ಯ ಸಹಾಯಕಿ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಆಕೆಯ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ತುಸು ಎಳೆದು ನೋಡುವುದು. ಒಳಭಾಗ ಕೆಂಪಗಿದ್ದರೆ ಸಮಾಧಾನ, ಬಿಳಿಚಿಕೊಂಡಿದ್ದರೆ ಅನುಮಾನ. ಆಮೇಲೆ ನಾಲಿಗೆ, ಉಗುರು. ಬೆರಳ ತುದಿ ಚುಚ್ಚಿ ತೆಗೆದ ರಕ್ತದ ಲೆಕ್ಕ ತೂಕ, ರಕ್ತದೊತ್ತಡಗಳ ಜೊತೆಗೆ ತಾಯಿ ಕಾರ್ಡಿಗೆ ಏರುತ್ತದೆ. ಮನೆಗೆ ಹೊರಡುವಾಗ ಕೈಯಲ್ಲಿ ಒಂದಿಷ್ಟು ಮಾತ್ರೆಗಳು. ಜನರ ಬಾಯಲ್ಲಿ ಇವು ಬರೀ ‘ಕಬ್ಬಿಣದ ಮಾತ್ರೆ’. ಆದರೆ ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆಗೆ ಅರ್ಧ ಮಿಲಿಗ್ರಾಂನಷ್ಟು ಇನ್ನೊಂದು ವಸ್ತುವೂ ಇದೆ. ಅದೇ ಫೋಲಿಕ್ ಆಮ್ಲ. ಈ ಅರ್ಧ ಮಿಲಿಗ್ರಾಂನ ಕಥೆ ಮೊದಲಾದದ್ದು ಮುಂಬಯಿಯ ಬಡ ಬಸುರಿಯರ ನಡುವೆ.

ಬಸಿರಿನಲ್ಲಿ ಹೆಣ್ಣಿನ ಒಡಲಲ್ಲಿ ಆಗುವ ಬದಲಾವಣೆಗಳಲ್ಲಿ ಕಣ್ಣಿಗೆ ಕಾಣುವುದು ಹೊಟ್ಟೆಯೊಂದೇ. ಕಾಣದೆ ನಡೆಯುವುದೇ ಹೆಚ್ಚು. ಸುಮಾರು 70 ಗ್ರಾಂ ತೂಗುವ ಗರ್ಭಕೋಶ ತಿಂಗಳು ತುಂಬುವ ಹೊತ್ತಿಗೆ ಒಂದು ಕಿಲೋ ಮುಟ್ಟುತ್ತದೆ. ಹೃದಯ ಪ್ರತಿ ನಿಮಿಷಕ್ಕೆ ನೂಕುವ ರಕ್ತದ ಪ್ರಮಾಣ ಮೂರನೇ ಒಂದು ಪಾಲಿಗಿಂತಲೂ ಹೆಚ್ಚಾಗುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಶೇಕಡ 40ರಿಂದ 50ರಷ್ಟು ಏರಿದರೆ, ಕೆಂಪು ಕಣಗಳು ಅಷ್ಟು ವೇಗವಾಗಿ ಹೆಚ್ಚುವುದಿಲ್ಲ. ಸಾರಿಗೆ ನೀರು ಬೆರೆಸಿದಂತೆ ರಕ್ತ ತೆಳುವಾಗುತ್ತದೆ. ಪೂರ್ಣ ಆರೋಗ್ಯವಂತಳಾದ ಗರ್ಭಿಣಿಯಲ್ಲೂ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಇದರಿಂದಲೇ. ಎಲ್ಲಿಯವರೆಗಿನ ಇಳಿಕೆ ಸಹಜ, ಎಲ್ಲಿಂದಾಚೆ ಅಪಾಯ ಎಂಬ ಗೆರೆಯನ್ನು ಎಳೆಯುವುದು ಸುಲಭವಾಗಿರಲಿಲ್ಲ. ಡೆಸಿಲೀಟರಿಗೆ 11 ಗ್ರಾಂ ಎಂಬುದು ಇಂದು ಸಾಮಾನ್ಯವಾಗಿ ಬಳಸುವ ಗೆರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಆಸ್ಪತ್ರೆಗಳಿಗೆ ಬರುತ್ತಿದ್ದ ಕೆಲವು ಬಸುರಿಯರ ಸ್ಥಿತಿ ಈ ಗೆರೆಯಿಂದ ಬಹಳ ಕೆಳಗಿತ್ತು. ಮುಖ ಬಿಳುಪೇರಿ, ಕಾಲು ಬಾತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹೆರಿಗೆಯ ಆಸುಪಾಸಿನಲ್ಲಿ ಹಲವರು ಸಾಯುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವರ ಕೆಂಪು ಕಣಗಳು ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ಮಾತ್ರ ದೊಡ್ಡವು! ಕಬ್ಬಿಣದ ಕೊರತೆಯಲ್ಲಿ ಕಣಗಳು ಸಣ್ಣದಾಗುತ್ತವೆ. ಹಾಗಾದರೆ ಇದು ಬೇರೆಯದೇ ರೋಗ.

ಇದರ ಬೆನ್ನು ಹತ್ತಿ 1928ರಲ್ಲಿ ಮುಂಬಯಿಗೆ ಬಂದವರು ಲೂಸಿ ವಿಲ್ಸ್. 1888ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಸಮೀಪ ಹುಟ್ಟಿದ ಈಕೆ ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಓದಿ, ಆಮೇಲೆ ಲಂಡನ್ನಿನಲ್ಲಿ ವೈದ್ಯವಿದ್ಯೆ ಕಲಿತವರು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ತಾಯಂದಿರ ಮರಣ ಕುರಿತ ವಿಚಾರಣೆಯೊಂದು ನಡೆದಿತ್ತು. ರಕ್ತಹೀನತೆಯ ಭಾಗ ವಿಲ್ಸ್ ಪಾಲಿಗೆ ಬಂತು.

ಆಕೆ ಮೊದಲು ಅನುಮಾನಪಟ್ಟದ್ದು ಸೋಂಕನ್ನು. ರೋಗಿಗಳ ಮಲದಲ್ಲಿ ಸೂಕ್ಷ್ಮಾಣುಗಳನ್ನು ಹುಡುಕಿದರು. ಏನೂ ಸಿಗಲಿಲ್ಲ. ಬಳಿಕ ಆಕೆಯ ಗಮನ ಹೊರಳಿದ್ದು ಅಡುಗೆಮನೆಯತ್ತ. ಯಾರು ಏನು ಉಣ್ಣುತ್ತಾರೆ ಎಂದು ಬಗೆಬಗೆಯ ಸಮುದಾಯಗಳ, ಬೇರೆ ಬೇರೆ ವರಮಾನದ ಮನೆಗಳ ಆಹಾರವನ್ನು ಕೇಳಿ ಬರೆದುಕೊಂಡರು. ಚಿತ್ರ ಸ್ಪಷ್ಟವಾಯಿತು: ರೋಗ ಹೆಚ್ಚಾಗಿ ಬಡವರದು, ಅದರಲ್ಲೂ ಸೊಪ್ಪು, ತರಕಾರಿ, ಹಣ್ಣು ತಟ್ಟೆಗೆ ಬೀಳದ ಮನೆಗಳದು. ವೈದ್ಯರು ಬಸುರಿಯ ರಕ್ತ ನೋಡುವುದು ಹೊಸದೇನಲ್ಲ. ಆಕೆಯ ತಟ್ಟೆಯನ್ನೂ ಇಷ್ಟು ಕಟ್ಟುನಿಟ್ಟಾಗಿ ನೋಡಿದ್ದು ವಿಲ್ಸ್ ಹೆಚ್ಚುಗಾರಿಕೆ.

1929ರಲ್ಲಿ ಕೆಲವು ತಿಂಗಳು ಆಕೆ ನೀಲಗಿರಿಯ ಕೂನೂರಿನಲ್ಲಿದ್ದರು. ಅಲ್ಲಿನ ಪಾಶ್ಚರ್ ಸಂಸ್ಥೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಪೌಷ್ಟಿಕತೆಯ ಸಂಶೋಧನೆ ನಡೆಸಿದ್ದರು. ಮುಂಬಯಿಯ ಬಡ ಹೆಂಗಸರು ಉಣ್ಣುತ್ತಿದ್ದಂಥ ಆಹಾರವನ್ನೇ ಇಲಿಗಳಿಗೆ ಕೊಟ್ಟಾಗ ಅವುಗಳಿಗೂ ರಕ್ತಹೀನತೆ ಬಂತು. ಯೀಸ್ಟ್ ಸೇರಿಸಿದರೆ ಬರಲಿಲ್ಲ. ಇನ್ನೇನು ಗುಟ್ಟು ರಟ್ಟಾಯಿತು ಎನ್ನುವಾಗ ತಿಳಿದದ್ದು, ಇಲಿಗಳ ರಕ್ತ ಕೆಡಿಸಿದ್ದು ಹೇನಿನಿಂದ ಹರಡುವ ಒಂದು ಸೋಂಕು ಎಂಬುದು. ಪ್ರಯೋಗ ಹಾಳಾಯಿತು. ಆದರೆ ಯೀಸ್ಟ್ ಎಂಬ ಸುಳಿವು ಹಾಳಾಗಲಿಲ್ಲ. ಮುಂದೆ ಕೋತಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅದು ಗಟ್ಟಿಯಾಯಿತು. ವಿಜ್ಞಾನದಲ್ಲಿ ತಪ್ಪು ದಾರಿಯೂ ಒಮ್ಮೊಮ್ಮೆ ಸರಿಯಾದ ಊರಿಗೇ ಮುಟ್ಟಿಸುತ್ತದೆ.

ವಿಲ್ಸ್ ಬಳಸಿದ್ದು ಮಾರ್ಮೈಟ್ ಎಂಬ ಪದಾರ್ಥ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟಿನಿಂದ ತೆಗೆದ ಕಪ್ಪು ಸಾರ. ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾರೆ. ರೋಗಿಗಳಿಗೆ ಇದನ್ನು ಕೊಟ್ಟಾಗ ಕೆಲವೇ ದಿನಗಳಲ್ಲಿ ಹೊಸ ಕೆಂಪು ಕಣಗಳು ಕಾಣಿಸಿಕೊಂಡವು. ಆ ಕಾಲಕ್ಕೆ ತೀವ್ರ ರಕ್ತಹೀನತೆಗೆ ಇದ್ದ ಹೆಸರಾಂತ ಚಿಕಿತ್ಸೆ ಪ್ರಾಣಿಗಳ ಪಿತ್ತಜನಕಾಂಗ. ಅದು ದುಬಾರಿ, ಸಸ್ಯಾಹಾರಿಗಳ ಮಾತಂತೂ ಬೇಡ. ಮಾರ್ಮೈಟ್ ಅಗ್ಗ. 1931ರಲ್ಲಿ ಆಕೆಯ ವರದಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಯೀಸ್ಟಿನಲ್ಲಿರುವ ಆ ವಸ್ತು ಯಾವುದೆಂದು ಆಕೆಗೆ ಗೊತ್ತಿರಲಿಲ್ಲ. ಲೋಕ ಅದನ್ನು ‘ವಿಲ್ಸ್ ಫ್ಯಾಕ್ಟರ್’ ಎಂದು ಕರೆಯಿತು.

ಹತ್ತು ವರ್ಷಗಳ ನಂತರ, 1941ರಲ್ಲಿ, ಅಮೆರಿಕದ ವಿಜ್ಞಾನಿಗಳು ರಾಶಿಗಟ್ಟಲೆ ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಎಂದು ಹೆಸರಿಟ್ಟರು. ವಿಲ್ಸ್ ಹುಡುಕಿದ್ದು ಇದೇ ವಸ್ತು. ಜೀವಕೋಶ ಇಬ್ಭಾಗವಾಗುವ ಮೊದಲು ತನ್ನ ವಂಶವಾಹಿಯ ಪ್ರತಿ ತೆಗೆಯಬೇಕು. ಅದಕ್ಕೆ ಫೋಲಿಕ್ ಆಮ್ಲ ಬೇಕು. ಅದು ಸಾಲದಿದ್ದರೆ ರಕ್ತಕಣ ಬೆಳೆಯುತ್ತದೆ, ಆದರೆ ಒಡೆದು ಎರಡಾಗುವುದಿಲ್ಲ. ದೊಡ್ಡ ಕಣಗಳ ಗುಟ್ಟು ಇಷ್ಟೇ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಕೋಶಗಳು ಎಡೆಬಿಡದೆ ಒಡೆಯುವುದರಿಂದ ಬೇಡಿಕೆ ಏರುತ್ತದೆ, ತಾಯಿಯ ದಾಸ್ತಾನು ಬರಿದಾಗುತ್ತದೆ.

ಈ ಆಮ್ಲವನ್ನು ಕೃತಕವಾಗಿ ತಯಾರಿಸಿ ಮಾತ್ರೆಗೆ ದಾರಿ ಮಾಡಿದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯ, 1945ರಲ್ಲಿ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಭೀಮಾವರಂನಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಹೀಗೆ ಮುಂಬಯಿಯಲ್ಲಿ ಇಂಗ್ಲಿಷ್ ಹೆಂಗಸೊಬ್ಬಳು ಕಂಡ ಸುಳಿವು ನ್ಯೂಯಾರ್ಕ್ ರಾಜ್ಯದಲ್ಲಿ ಆಂಧ್ರದವನೊಬ್ಬನ ಕೈಯಲ್ಲಿ ಔಷಧವಾಯಿತು. ಸುಬ್ಬರಾವ್ 1948ರಲ್ಲೂ ವಿಲ್ಸ್ 1964ರಲ್ಲೂ ತೀರಿಕೊಂಡರು. ನಮ್ಮ ಪಠ್ಯಪುಸ್ತಕಗಳು ಇಬ್ಬರ ಬಗ್ಗೆಯೂ ಜಿಪುಣತನ ತೋರಿವೆ.

ಇತ್ತ ತಪಾಸಣೆಯ ಕಥೆ. ದಶಕಗಟ್ಟಲೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತ ಅಳೆದದ್ದು ಸ್ವಿಟ್ಜರ್ಲೆಂಡಿನ ವೈದ್ಯ ಸಾಲಿ ರೂಪಿಸಿದ ಪುಟ್ಟ ಸಲಕರಣೆ. ಗಾಜಿನ ಕೊಳವೆಯ ಆಮ್ಲಕ್ಕೆ ಒಂದು ತೊಟ್ಟು ರಕ್ತ ಹಾಕಿದರೆ ಕಂದು ಬಣ್ಣ ಬರುತ್ತದೆ. ಪಕ್ಕದ ಗಾಜಿನ ಬಣ್ಣಕ್ಕೆ ಸರಿಹೊಂದುವ ತನಕ ಹನಿಹನಿಯಾಗಿ ನೀರು ಸೇರಿಸಿ, ಮಟ್ಟವನ್ನು ಓದಬೇಕು. ಮಂಕು ಬೆಳಕು, ದಣಿದ ಕಣ್ಣು, ಹೊರಗೆ ಉದ್ದನೆಯ ಸಾಲು – ಅಂಕಿ ಒಂದು ಗ್ರಾಂ ಅತ್ತಿತ್ತ ಆಗಲು ಇಷ್ಟು ಸಾಕು. ಆ ಒಂದು ಗ್ರಾಂನಲ್ಲೇ ತಾಯಿಯನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕೆ ಬೇಡವೆ ಎಂಬುದು ತೀರ್ಮಾನವಾಗುತ್ತಿತ್ತು. ಈಗ ಡಿಜಿಟಲ್ ಯಂತ್ರಗಳು ಬಂದಿವೆ.

ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಭಾರತದಲ್ಲಿ 1970ರಲ್ಲೇ ಮೊದಲಾಯಿತು. ಅರ್ಧ ಶತಮಾನದ ಬಳಿಕ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕಂಡದ್ದು: ದೇಶದ ಗರ್ಭಿಣಿಯರಲ್ಲಿ ಶೇಕಡ 52.2ರಷ್ಟು ಮಂದಿಗೆ ರಕ್ತಹೀನತೆ. ಮಾತ್ರೆ ಕೈಗೆ ಬರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ ಎಂಬುದು ಒಂದು ಕಾರಣ. ವಾಕರಿಕೆ, ಮಲಬದ್ಧತೆ, ಕಪ್ಪಗಾಗುವ ಮಲ ಕಂಡು ಹಲವರು ಅರ್ಧಕ್ಕೇ ಬಿಡುತ್ತಾರೆ. ಮಗು ಕಪ್ಪಾಗುತ್ತದೆ ಎಂದು ಹೆದರಿಸುವ ಹಿರಿಯರೂ ಇದ್ದಾರೆ. ನುಂಗಿದ ಕೂಡಲೇ ಕಾಫಿಯೋ ಚಹಾವೋ ಕುಡಿದರೆ ಕಬ್ಬಿಣ ಮೈಗೆ ಹಿಡಿಯುವುದೂ ಕಡಿಮೆ.

ಫೋಲಿಕ್ ಆಮ್ಲದ ಇನ್ನೊಂದು ಮುಖ ಹೊರಬಿದ್ದದ್ದು 1991ರಲ್ಲಿ. ಬೆನ್ನುಹುರಿಯ ದೋಷವಿದ್ದ ಮಗುವನ್ನು ಹೆತ್ತಿದ್ದ ತಾಯಂದಿರು ಮುಂದಿನ ಬಸಿರಿಗೆ ಮೊದಲೇ ಈ ಆಮ್ಲ ಸೇವಿಸಿದರೆ, ದೋಷ ಮರುಕಳಿಸುವುದು ಶೇಕಡ 72ರಷ್ಟು ತಗ್ಗುತ್ತದೆ ಎಂದು ಬ್ರಿಟನ್ ನೇತೃತ್ವದ ಅಧ್ಯಯನ ತೋರಿಸಿತು. ಆದ್ದರಿಂದಲೇ ಮಗು ಬಯಸುವವರು ಗರ್ಭ ನಿಲ್ಲುವ ಮೊದಲೇ ಇದನ್ನು ಶುರುಮಾಡಬೇಕೆಂದು ವೈದ್ಯರು ಹೇಳುವುದು. ಮಗುವಿನ ಬೆನ್ನುಹುರಿಯಾಗುವ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ 28ನೆಯ ದಿನದ ಹೊತ್ತಿಗೆ. ಮುಟ್ಟು ನಿಂತಿತೆಂದು ಹೆಂಗಸರು ದಿನ ಎಣಿಸತೊಡಗುವುದು ಆ ಸುಮಾರಿಗೇ. ತಾಯಿ ಕಾರ್ಡು ಇನ್ನೂ ಬರೆದಿರುವುದಿಲ್ಲ.