ಬೈಕು ಮಿಸ್ಸಿಂಗ್ ಹೊಡೆಯುತ್ತಿದೆಯೇ? ಕಾರ್ಬೊರೇಟರ್ ಬಿಚ್ಚಿಸುವ ಮುನ್ನ ಇಷ್ಟು ನೋಡಿ

ಕುದೂರು: ಮಾಗಡಿ ತಾಲ್ಲೂಕಿನ ಈ ಹೋಬಳಿ ಕೇಂದ್ರದಲ್ಲಿ ದ್ವಿಚಕ್ರ ವಾಹನ ಶೋಕಿಯ ವಸ್ತುವಲ್ಲ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು ಸಾಗಿಸುವುದು ಅದೇ. ಸೋಲೂರು, ನೆಲಮಂಗಲ, ದಾಬಸ್‌ಪೇಟೆಗಳತ್ತ ಕೆಲಸಕ್ಕೆ ಹೋಗುವವರನ್ನು ಹೊತ್ತೊಯ್ಯುವುದೂ ಅದೇ. ವಾರಾಂತ್ಯದಲ್ಲಿ ಭೈರವನದುರ್ಗ, ಸಾವನದುರ್ಗ, ಶಿವಗಂಗೆಗಳಿಗೆ ಹೊರಡುವ ಬೆಂಗಳೂರಿನ ಸವಾರರೂ ಈ ಸೀಮೆಯ ರಸ್ತೆಗಳಿಗೆ ಹೊಸಬರಲ್ಲ. ಇಂಥ ಕಡೆ ವಾಹನ ಪೂರ್ತಿ ಕೆಟ್ಟು ನಿಂತರೆ ಅದೊಂದು ಬಗೆಯ ತೊಂದರೆ. ಓಡುತ್ತಲೇ ಇದ್ದು ಸರಿಯಾಗಿ ಓಡದಿದ್ದರೆ ತೊಂದರೆ ಇನ್ನೂ ದೊಡ್ಡದು. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕುವಾಗ ಅರ್ಧದಲ್ಲೇ ಎಂಜಿನ್ ಸೊರಗಿದರೆ ಪ್ರಾಣಕ್ಕೇ ಕುತ್ತು.

‘ಮಿಸ್ಸಿಂಗ್ ಇದೆ’, ‘ಪಿಕಪ್ ಇಲ್ಲ’, ‘ಮೈಲೇಜ್ ಬಿದ್ದಿದೆ’. ದೂರು ಯಾವುದೇ ಇರಲಿ, ಅನುಮಾನ ಮೊದಲು ಹೋಗುವುದು ಕಾರ್ಬೊರೇಟರಿನತ್ತ. ಇತ್ತೀಚಿನ ವರ್ಷಗಳಲ್ಲಿ ಎಥೆನಾಲ್ ಬೆರೆತ ಪೆಟ್ರೋಲ್ ಕೂಡ ಆರೋಪಿಗಳ ಸಾಲಿಗೆ ಸೇರಿದೆ. ಎರಡೂ ಕಾರಣವಾಗಿರಬಹುದು, ಆದರೆ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಬೇಕಾಗಿಲ್ಲ. ಖರ್ಚಿಲ್ಲದೆ ನೋಡಬಹುದಾದುದನ್ನು ಮೊದಲು ನೋಡಬೇಕು, ಹಣ ಬೇಡುವುದನ್ನು ಕೊನೆಗಿಡಬೇಕು, ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಪ್ಲಗ್, ಫಿಲ್ಟರ್, ಜೆಟ್ ಮೂರನ್ನೂ ಒಟ್ಟಿಗೇ ಬದಲಿಸಿದರೆ ಗಾಡಿ ಸರಿಹೋದೀತು. ಯಾವುದರಿಂದ ಸರಿಹೋಯಿತೆಂಬುದು ಮಾತ್ರ ತಿಳಿಯುವುದಿಲ್ಲ. ಮುಂದಿನ ಬಾರಿ ಮತ್ತೆ ಮೂರಕ್ಕೂ ಹಣ ತೆರಬೇಕಾಗುತ್ತದೆ.

ಮೊದಲು ಚಕ್ರ ತಿರುಗಿಸಿ

ದೋಷ ನಿಜಕ್ಕೂ ಎಂಜಿನ್ನಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಎಂಜಿನ್ ಆರಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ನಡುವಿನ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಅದು ಸರಾಗವಾಗಿ ತಿರುಗದೆ ಹಿಡಿದು ನಿಂತರೆ ಬ್ರೇಕ್ ಕಚ್ಚಿಕೊಂಡಿರಬಹುದು, ಇಲ್ಲವೇ ಚೈನ್ ವಿಪರೀತ ಬಿಗಿಯಾಗಿರಬಹುದು. ಚಕ್ರದಲ್ಲಿ ಗಾಳಿ ಕಡಿಮೆಯಿದ್ದರೂ ಪಿಕಪ್ ಹೋದಂತೆಯೇ ಭಾಸವಾಗುತ್ತದೆ. ಸುಗ್ಗಿಯ ದಿನಗಳಲ್ಲಿ ಈ ಭಾಗದ ರೈತರು ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುವುದುಂಟು. ಅದರ ಮೇಲೆ ಹಾದುಬಂದ ಬೈಕಿನ ಚೈನಿಗೆ, ಚಕ್ರದ ಅಚ್ಚಿಗೆ ಹುರುಳಿಯ ಬಳ್ಳಿ ಸುತ್ತಿಕೊಂಡಿದೆಯೇ ಎಂದು ಬಗ್ಗಿ ನೋಡುವುದು ಒಳ್ಳೆಯದು. ಕಾದ ಸೈಲೆನ್ಸರಿಗೆ ತಾಗಿದ ಒಣಹುಲ್ಲು ಬೆಂಕಿಗೂ ಕಾರಣವಾದೀತು.

ಎಂಜಿನ್ನಿನ ಸದ್ದು ಏರುತ್ತದೆ, ವೇಗ ಮಾತ್ರ ಏರುವುದಿಲ್ಲ ಎಂದಾದರೆ ಅದು ಕ್ಲಚ್ ಜಾರುತ್ತಿರುವ ಲಕ್ಷಣ. ಕ್ಲಚ್ ಕೇಬಲ್ಲಿಗೆ ತುಸು ಸಡಿಲ ಕೊಟ್ಟು ನೋಡಿ. ಅಷ್ಟಕ್ಕೂ ಬಗ್ಗದಿದ್ದರೆ ಕ್ಲಚ್ ಪ್ಲೇಟ್ ಸವೆದಿರುವ ಸಂಭವವೇ ಹೆಚ್ಚು. ಇಂಥ ಗಾಡಿಯ ಕಾರ್ಬೊರೇಟರನ್ನು ಎಷ್ಟು ಸಲ ತೊಳೆದರೂ ಫಲವಿಲ್ಲ.

ಯಾವಾಗ ಕೆಡುತ್ತದೆ?

ಮೆಕ್ಯಾನಿಕ್ ಬಳಿ ಹೋಗುವ ಮುನ್ನ ಎರಡು ದಿನ ಗಮನವಿಟ್ಟು ಓಡಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಚೋಕ್ ಎಳೆದಾಗ ಓಡಿ, ಬಿಟ್ಟಾಗ ಆರಿಹೋದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಸಣ್ಣ ಜೆಟ್ ಕಟ್ಟಿರಬಹುದು, ಅಥವಾ ಕಾರ್ಬೊರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಬಿರಿದು ಅಡ್ಡಗಾಳಿ ಸೇರುತ್ತಿರಬಹುದು. ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ ನಿಂತು, ಟ್ಯಾಂಕಿನ ಮುಚ್ಚಳ ತೆರೆದೊಡನೆ ‘ಸುಸ್’ ಎಂದು ಗಾಳಿ ಒಳಗೆಳೆದುಕೊಂಡು ಮತ್ತೆ ಸ್ಟಾರ್ಟ್ ಆದರೆ, ದೋಷವಿರುವುದು ಮುಚ್ಚಳದ ಗಾಳಿರಂಧ್ರದಲ್ಲಿ. ಅದನ್ನು ಸ್ವಚ್ಛಗೊಳಿಸಲು ಕಾಸು ಖರ್ಚಿಲ್ಲ.

ಮಳೆ ಬಂದಾಗ ಮಾತ್ರ ಮಿಸ್ಸಿಂಗ್ ಕಾಣಿಸಿದರೆ ಪ್ಲಗ್ ಕ್ಯಾಪ್ ಮತ್ತು ಅದರ ವೈರನ್ನು ಶಂಕಿಸಬೇಕು. ಎಂಜಿನ್ ಕಾದ ಮೇಲೆ ಆರಿ, ಅರ್ಧ ಗಂಟೆ ತಣಿದ ನಂತರ ಏನೂ ಆಗದಂತೆ ಓಡಿದರೆ ಇಗ್ನಿಷನ್ ಕಾಯಿಲ್, ಪಲ್ಸರ್ ಕಾಯಿಲ್‌ಗಳನ್ನು ನೋಡಿಸಿ. ಜೊತೆಗೆ ಟ್ಯಾಪೆಟ್ ಅಂತರವನ್ನೂ ಅಳೆಸಿ. ಟ್ಯಾಪೆಟ್ ಸದ್ದು ಕೇಳಿದರೆ ಸವಾರರು ಗಾಬರಿಗೊಳ್ಳುತ್ತಾರೆ. ವಾಸ್ತವವಾಗಿ ತುಸು ಸದ್ದು ಮಾಡುವ ಟ್ಯಾಪೆಟ್‌ಗಿಂತ ಬಿಗಿಯಾಗಿ ಮೌನವಾದ ಟ್ಯಾಪೆಟ್ಟೇ ಅಪಾಯಕಾರಿ: ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರಿ, ಕಡೆಗೆ ವಾಲ್ವೇ ಸುಟ್ಟುಹೋಗುತ್ತದೆ.

ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಗಾಳಿ ಕಡಿಮೆಯಾಗಿದೆ. ಮಣ್ಣು ರಸ್ತೆಯ ಕೆಂಧೂಳಿನಲ್ಲಿ ಓಡಾಡುವ ಗಾಡಿಗಳ ಏರ್ ಫಿಲ್ಟರನ್ನು ಕಂಪನಿ ಸೂಚಿಸಿದ ಅವಧಿಗಿಂತ ಮುಂಚೆಯೇ ತೆಗೆದು ನೋಡಬೇಕು. ನಾಲ್ಕು ಸ್ಟ್ರೋಕಿನ ಬೈಕಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಕಿಕ್ಕರ್ ಒತ್ತಿದಾಗ ಎಂದಿನ ಪ್ರತಿರೋಧವಿಲ್ಲದೆ ಸಲೀಸಾಗಿ ಇಳಿದರೆ ಶಂಕೆ ಬಲಗೊಳ್ಳುತ್ತದೆ. ಇದು ಮನೆಯಂಗಳದ ಕೆಲಸವಲ್ಲ.

ಗಾಳಿ ಒಳಬಂದರೆ ಸಾಲದು, ಸುಟ್ಟ ಅನಿಲ ಹೊರಹೋಗಲೂ ಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಟೂ ಸ್ಟ್ರೋಕ್ ಜಾವಾ, ಯೆಜ್ಡಿಗಳನ್ನು ಜತನದಿಂದ ಇಟ್ಟುಕೊಂಡವರು ರಾಜ್ಯದಲ್ಲಿ ಇನ್ನೂ ಇದ್ದಾರೆ. ಪೆಟ್ರೋಲಿನೊಂದಿಗೇ ಆಯಿಲ್ ಉರಿಯುವ ಆ ಎಂಜಿನ್ನುಗಳ ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಎಳೆತ ಕುಗ್ಗುವುದು ಅವರಿಗೆ ಹಳೆಯ ಪರಿಚಯ.

ಪ್ಲಗ್ ನೋಡುವ ಬಗೆ

ಎಂಜಿನ್ ಪೂರ್ತಿ ತಣಿದ ಮೇಲೆ ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡಿ. ಬಿಸ್ಕತ್ತಿನಂಥ ತಿಳಿಗಂದು ಇದ್ದರೆ ಉರಿತ ಸರಿಯಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಜಿಡ್ಡಾಗಿ ಒದ್ದೆಯಿದ್ದರೆ ಆಯಿಲ್, ಸುಣ್ಣದಂತೆ ಬಿಳುಪೇರಿದ್ದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ವಿಪರೀತ ಕಾಯುತ್ತಿದೆ. ತುದಿಯ ಅಂತರ ಹೆಚ್ಚಿನ ಬೈಕುಗಳಲ್ಲಿ 0.6ರಿಂದ 0.8 ಮಿ.ಮೀ. ಒಳಗಿರುತ್ತದೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಳತೆಯೇ ಅಂತಿಮ. ಕಿಡಿ ಪರೀಕ್ಷಿಸುವಾಗ ಪ್ಲಗ್‌ನ ಲೋಹದ ಭಾಗ ಎಂಜಿನ್ನಿಗೆ ಗಟ್ಟಿಯಾಗಿ ತಾಗಿರಲಿ, ಪ್ಲಗ್ ಬಿಚ್ಚಿದ ರಂಧ್ರದಿಂದಲೂ ಪೆಟ್ರೋಲ್ ಪೈಪಿನಿಂದಲೂ ದೂರವಿರಲಿ. ಪೆಟ್ರೋಲಿನ ಆವಿಗೆ ಒಂದೇ ಕಿಡಿ ಸಾಕು.

ಎಥೆನಾಲ್ ಎಷ್ಟು ಹೊಣೆ?

ಶೇ 20ರಷ್ಟು ಎಥೆನಾಲ್ ಇರುವ ಇ-20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮಾವೇಶವೊಂದರಲ್ಲೇ ಚಾಲನೆ ದೊರೆಯಿತು. 2025ರ ವೇಳೆಗೆ ಅದು ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಎಥೆನಾಲ್‌ನ ಶಾಖಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಮಾತ್ರ. ಆದ್ದರಿಂದ ಮೈಲೇಜ್ ಕುಸಿಯುವುದು ನಿಜ. ಎಷ್ಟು ಎಂಬುದೇ ಪ್ರಶ್ನೆ. ಎಥೆನಾಲ್ ರಹಿತ ಪೆಟ್ರೋಲಿಗೆಂದು ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇದು ಶೇ 3ರಿಂದ 4 ಎಂದು ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ವರದಿ ಅಂದಾಜಿಸಿತ್ತು. ಲೀಟರಿಗೆ 60 ಕಿ.ಮೀ. ಕೊಡುತ್ತಿದ್ದ ಬೈಕು ಈ ಲೆಕ್ಕದಲ್ಲಿ 57–58ಕ್ಕೆ ಇಳಿಯಬೇಕು. 45ಕ್ಕೆ ಇಳಿದಿದ್ದರೆ ಎಥೆನಾಲ್ ಮೇಲೆ ಹೊರೆ ಹೊರಿಸಿ ಸುಮ್ಮನಾಗುವಂತಿಲ್ಲ. ದೋಷ ಬೇರೆಲ್ಲೋ ಇದೆ.

ಎಥೆನಾಲ್‌ನಿಂದ ನಿಜವಾದ ಕಾಟ ಇರುವುದು ನೀರಿನ ವಿಷಯದಲ್ಲಿ. ಅದು ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದಾಗ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಎಂಜಿನ್ನಿಗೆ ಹೋಗುವುದೂ ಆ ತಳದ ದ್ರವವೇ. ಮಳೆಯಲ್ಲಿ ನೆನೆಯುತ್ತ ತಿಂಗಳುಗಟ್ಟಲೆ ನಿಂತ ಗಾಡಿ ಮಿಸ್ಸಿಂಗ್ ಹೊಡೆದರೆ ಕಾರ್ಬೊರೇಟರಿನ ಕೆಳಗಿರುವ ಡ್ರೈನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು, ಅಲುಗಿಸದೆ ಇಡಿ. ಎರಡು ಪದರ ಕಂಡರೆ ಟ್ಯಾಂಕನ್ನೇ ಬರಿದು ಮಾಡಬೇಕು. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳು ಉಬ್ಬಿವೆಯೇ, ಬಿರಿದಿವೆಯೇ ಎಂಬುದನ್ನೂ ಆಗಲೇ ಪರಿಶೀಲಿಸಿ.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಬಹುತೇಕ ಬೈಕುಗಳಲ್ಲಿ ಕಾರ್ಬೊರೇಟರೇ ಇಲ್ಲ. ಅದರ ಜಾಗದಲ್ಲಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಇವುಗಳಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ. ಪೂರ್ಣ ಚಾರ್ಜ್ ಆದ ಬ್ಯಾಟರಿ, ಎಂಜಿನ್ ಆರಿದ್ದಾಗ, ಸುಮಾರು 12.6 ವೋಲ್ಟ್ ತೋರಿಸಬೇಕು. ಕೀಲಿ ತಿರುಗಿಸಿದಾಗ ಟ್ಯಾಂಕಿನೊಳಗಿನ ಪಂಪ್ ಒಂದೆರಡು ಕ್ಷಣ ಗುಂಯ್‌ಗುಡುವ ಸದ್ದು ಕೇಳಬೇಕು. ಎಂಜಿನ್ ದೀಪ ಉರಿಯುತ್ತಲೇ ಇದ್ದರೆ ಸ್ಕ್ಯಾನರ್ ಇರುವ ಕಡೆಗೇ ಒಯ್ಯಿರಿ. ಅಂದಾಜಿನ ಮೇಲೆ ಸೆನ್ಸರ್ ಬದಲಿಸುವುದು ದುಬಾರಿ ಜೂಜು.

ಗ್ಯಾರೇಜಿನಲ್ಲಿ ‘ಕಾರ್ಬೊರೇಟರ್ ಕ್ಲೀನ್ ಮಾಡಿ’ ಎಂದು ಚಿಕಿತ್ಸೆಯನ್ನು ನೀವೇ ಸೂಚಿಸಬೇಡಿ. ‘ಬೆಳಿಗ್ಗೆ ಸರಿಯಿರುತ್ತದೆ, ಹತ್ತು ಕಿಲೋಮೀಟರ್ ಆದ ಮೇಲೆ ಏರಿನಲ್ಲಿ ಎಳೆಯುವುದಿಲ್ಲ’ ಎಂದು ಲಕ್ಷಣವನ್ನು ಹೇಳಿ. ಬದಲಿಸಿದ ಬಿಡಿಭಾಗವನ್ನು ಕೇಳಿ ಪಡೆಯಿರಿ. ಆದರೆ ಪೆಟ್ರೋಲ್ ಸೋರುತ್ತಿದ್ದರೆ, ಎಂಜಿನ್ನಿನೊಳಗೆ ಲೋಹ ಬಡಿದಂಥ ಸದ್ದು ಬಂದರೆ, ಆಯಿಲ್ ತಳಮಟ್ಟಕ್ಕೆ ಇಳಿದಿದ್ದರೆ ಗ್ಯಾರೇಜಿನವರೆಗೂ ಓಡಿಸಿಕೊಂಡು ಹೋಗಬೇಡಿ. ಅಲ್ಲಿಯೇ ಆರಿಸಿ, ಗೂಡ್ಸ್ ಆಟೊಗೆ ಹೇಳಿ.